ಗುಂಡ್ಲುಪೇಟೆ ದಾಟಿದರೆ ಬ್ರೆಜಿಲ್

ಕೆಲವರು ಕಾಲು ಜಾರಿ ಬೀಳುತ್ತಾರೆ, ನಾನು ಬಾಯಿ ಜಾರಿ ಬೀಳುತ್ತೇನೆ. ಕಾಲು ಜಾರಿದವರು ನಾಲ್ಕು ದಿನ ಎಣ್ಣೆ ತಿಕ್ಕಿಸಿಕೊಂಡು ಎದ್ದು ಓಡಾಡುತ್ತಾರೆ. ನನ್ನದು ಹಾಗಲ್ಲ. ಊರವರೆಲ್ಲ ಸೇರಿ ನನ್ನನ್ನು ಎತ್ತಿ ನಿಲ್ಲಿಸುವ ಹೊತ್ತಿಗೆ ಇನ್ನೊಂದು ಸಲ ಜಾರಿರುತ್ತೇನೆ. ನಾನೂ ನನ್ನ ಹೆಂಡತಿಯೂ ಬ್ರೆಜಿಲ್‌ಗೆ ಹೊರಟ ಕಥೆ ಹೀಗೆ ಜಾರಿದ್ದರಿಂದಲೇ ಶುರುವಾದದ್ದು.

ಗೊತ್ತಿಲ್ಲದವರಿಗಾಗಿ ಮೊದಲೇ ಒಂದೆರಡು ಮಾತು ಹೇಳಿಬಿಡುತ್ತೇನೆ. ನಾವು ಪಿರಿಯಾಪಟ್ಟಣದ ಕಡೆಯವರು, ಕಂಪಲಾಪುರಕ್ಕೆ ಹತ್ತಿರ. ಹೊಗೆಸೊಪ್ಪು ಬೆಳೆಯುವವರು. ಎಲೆ ಮುರಿದು, ಬ್ಯಾರನ್ ಎಂಬ ಎತ್ತರದ ಕಟ್ಟಡದೊಳಗೆ ನೇತುಹಾಕಿ, ಸೌದೆ ಉರಿಸಿ ಹದ ಮಾಡಿ, ಬೇಲ್ ಕಟ್ಟಿ ಹರಾಜಿಗೆ ಒಯ್ಯುತ್ತೇವೆ. ಹರಾಜಿನಲ್ಲಿ ರೇಟು ಬಿದ್ದಾಗಲೆಲ್ಲ ಕೊಳ್ಳುವವರು ಹೇಳುವ ಕಾರಣ ಒಂದೇ: "ಬ್ರೆಜಿಲ್‌ನಲ್ಲಿ ಬೆಳೆ ಚೆನ್ನಾಗಿದೆ." ಹಾಗಾಗಿ ದೆಹಲಿ ಯಾವ ದಿಕ್ಕಿಗಿದೆ ಎಂದು ತಿಳಿಯದವರಿಗೂ ನಮ್ಮಲ್ಲಿ ಬ್ರೆಜಿಲ್ ಗೊತ್ತು.

ಇನ್ನೊಂದು, ನಮ್ಮಲ್ಲಿ ಯಾರೂ ತಮ್ಮ ಬೆಳೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. "ಬೆಳೆ ಎಂಗದಣ್ಣ?" ಎಂದು ಯಾರಾದರೂ ಕೇಳಿದರೆ "ಎಲ್ಲಾ ಓಯ್ತು ಕಣಪ್ಪ" ಎನ್ನಬೇಕು. ಎದೆಯೆತ್ತರದ ಸೊಪ್ಪಿನ ನಡುವೆ ನಿಂತು, ತಲೆಯೊಂದು ಮಾತ್ರ ಹೊರಗೆ ಕಾಣುತ್ತಿದ್ದರೂ ಹಾಗೆಯೇ ಎನ್ನಬೇಕು. ಕೇಳಿದವರು "ಅಯ್ಯೋ ಪಾಪ" ಎಂದು ಮುಂದೆ ಹೋಗುತ್ತಾರೆ. ಅವರೂ ನಂಬಿರುವುದಿಲ್ಲ, ನಾವೂ ನಂಬಲಿ ಎಂದು ಹೇಳಿರುವುದಿಲ್ಲ.

೧. ಟೀ ಅಂಗಡಿಯಲ್ಲಿ

ಹರಾಜು ನಡೆಯುವ ಮಾರುಕಟ್ಟೆಯ ಎದುರಿಗೊಂದು ಟೀ ಅಂಗಡಿ ಇದೆ. ಆ ದಿನ ರೇಟು ಬಿದ್ದಿತ್ತು. ಎಲ್ಲರೂ ಬ್ರೆಜಿಲ್‌ಗೆ ಬೈಯುತ್ತಿದ್ದರು. ನಾನು ಎಂದಿನಂತೆ ಅಲ್ಲಿಯ ಮಣ್ಣು ಯಾವ ಬಣ್ಣ, ಮಳೆ ಯಾವಾಗ, ಎಲೆ ಎಷ್ಟು ಅಗಲ ಎಂದು ವಿವರಿಸುತ್ತಿದ್ದೆ. ಎಲ್ಲ ಫೋನಿನಲ್ಲಿ ನೋಡಿ ಕಲಿತದ್ದು. ನಮ್ಮ ಪಕ್ಕದ ಹೊಲದವನು, ನನ್ನ ಜೊತೆಯಲ್ಲೇ ಇಸ್ಕೂಲಿಗೆ ಹೋದವನು, ಲೋಟ ಕೆಳಗಿಟ್ಟ.

"ಏನ್ಲಾ, ನೋಡ್ಕಂಡು ಬಂದೋನಂಗೆ ಏಳ್ತೀಯಲ್ಲ. ನೀನು ಗುಂಡ್ಲುಪೇಟೆ ದಾಟಿದ್ದ ನಾ ಕಾಣೆ."

"ದಾಟ್ತೀನಿ ಕಣ್ಲಾ. ಬ್ರೆಜಿಲ್‌ಗೇ ಓಯ್ತೀನಿ. ಕಣ್ಣಾರೆ ನೋಡ್ಕಂಡು ಬಂದು ಆಮೇಲ್ ಏಳ್ತೀನಿ."

"ಒಬ್ನೇಯಾ?"

ಇಲ್ಲಿ ಹೂಂ ಅಂದು ಸುಮ್ಮನಾಗಬಹುದಿತ್ತು. "ಒಬ್ನೇ ಯಾಕ್ಲಾ? ನಮ್ಮನೆಯೋಳ್ನೂ ಕರ್ಕಂಡೇ ಓಯ್ತೀನಿ" ಎಂದೆ.

ಟೀ ಮುಗಿಸಿ, ಗೊಬ್ಬರದ ಅಂಗಡಿಗೆ ಹೋಗಿ, ಅಲ್ಲೊಂದಿಷ್ಟು ಮಾತಾಡಿ ಮನೆಗೆ ಬರುವಷ್ಟರಲ್ಲಿ ಸುದ್ದಿ ಹಾಲಿನ ಡೈರಿಯ ಮೂಲಕ ಸುತ್ತಿ ಬಳಸಿ ನನಗಿಂತ ಮೊದಲೇ ಮನೆ ಸೇರಿತ್ತು.

ನನ್ನ ಹೆಂಡತಿಯ ವಿಷಯ ಇಲ್ಲಿ ಹೇಳಬೇಕು. ಮದುವೆಯಾದ ಹೊಸತರಲ್ಲಿ ಅವಳನ್ನು ಊಟಿಗೆ ಕರೆದುಕೊಂಡು ಹೊರಟಿದ್ದೆ. ಗುಂಡ್ಲುಪೇಟೆಯಲ್ಲಿ ಬಸ್ಸು ನಿಂತಾಗ ಹೋಟೆಲಿನಲ್ಲಿ ನಮ್ಮೂರಿನವರೊಬ್ಬರು ಸಿಕ್ಕಿ, ಊರಲ್ಲಿ ಬೆಳಗಿನಿಂದ ಒಳ್ಳೆ ಮಳೆ ಎಂದರು. ಸಸಿ ನೆಡುವ ಕಾಲ. ನಾನು ಅರ್ಧ ಇಡ್ಲಿಯಲ್ಲೇ ಎದ್ದು, ಅವಳನ್ನೂ ಎಬ್ಬಿಸಿ, ಎದುರಿಗೆ ಬಂದ ಮೈಸೂರು ಬಸ್ಸು ಹತ್ತಿಸಿದೆ. ಆಮೇಲೆ ಕಾಶಿ ಅಂದೆ, ಬ್ಯಾರನ್ ಉರಿಯುತ್ತಿತ್ತು. ರಾಮೇಶ್ವರ ಅಂದೆ, ಹರಾಜು ಶುರುವಾಯಿತು. ಪ್ರತಿ ಸಲವೂ ಅವಳು "ಆಗ್ಲಿ ಬುಡಿ" ಎಂದಳೇ ಹೊರತು ಒಂದು ದಿನ ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಇಷ್ಟು ಭಯವಿರುತ್ತಿರಲಿಲ್ಲ.

"ಬ್ರೆಜಿಲ್ ಅಂದ್ರಂತೆ" ಎಂದಳು.

"ಅದೂ, ಮಾತಿಗ್ ಮಾತು ಬಂತು..."

"ಊಟಿ ಅಂದ್ರಿ, ಆಗ್ಲಿ ಅಂದೆ. ಕಾಶಿ ಅಂದ್ರಿ, ಆಗ್ಲಿ ಅಂದೆ. ಈ ಸಲ ಅನ್ನಾಕಿಲ್ಲ. ಊರಿನೋರ ಮುಂದೆ ನನ್ ಎಸ್ರು ಏಳಿದ್ದೀರಿ. ಓಗದೇಯ."

ಅವಳ ಹಿಂದೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಊಟಿಗೆಂದು ಕೊಂಡಿದ್ದ ಸ್ವೆಟರ್ ಬಿಸಿಲು ಕಾಯುತ್ತಿತ್ತು, ಬೆಲೆಯ ಚೀಟಿ ಸಮೇತ.

೨. ಪೇದೆ ಬಂದ ಮಧ್ಯಾಹ್ನ

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ನಾವು ಎಂಥ ಮನುಷ್ಯರು ಎಂದು ವಿಚಾರಿಸಲು ಪೊಲೀಸರು ಬರುತ್ತಾರೆ ಎಂದು ಗೊತ್ತಿತ್ತು. ಬಂದರೆ ಜೀಪಿನಲ್ಲಿ, ನೇರ ಮನೆಗೆ ಬರುತ್ತಾರೆ ಎಂದುಕೊಂಡಿದ್ದೆ. ಹೆಂಡತಿಯೂ ಹಾಗೆಯೇ ಅಂದುಕೊಂಡು ವಾರದಿಂದ ಜಗಲಿ ಗುಡಿಸಿ, ಒಳ್ಳೆಯ ಕುರ್ಚಿ ಹೊರಗೆ ಹಾಕಿ ಕಾಯುತ್ತಿದ್ದಳು.

ನಮ್ಮೂರಿನಲ್ಲಿ ತಾತಂದಿರ ಕಾಲದಿಂದ ಒಂದು ಪದ್ಧತಿ ಇದೆ. ಖಾಕಿ ಬಟ್ಟೆಯವರು ಬಂದು ಯಾರ ಹೆಸರು ಹೇಳಿದರೂ ಗೊತ್ತಿಲ್ಲ ಎನ್ನಬೇಕು. ವಿಷಯ ಏನೆಂದು ಆಮೇಲೆ ನಿಧಾನವಾಗಿ ವಿಚಾರಿಸಿದರಾಯಿತು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ನಡೆಯುವುದು ಕಲಿತ ಹಾಗೆ ಕಲಿತುಬಿಡುತ್ತೇವೆ.

ಆ ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ಚೌಕಾಬಾರ ಆಡುತ್ತಿದ್ದೆವು. ನನ್ನ ಕಾಯಿ ಹಣ್ಣಾಗುವುದರಲ್ಲಿತ್ತು. ಹಿಂದಿನಿಂದ ಬೈಕು ಬಂದು ನಿಂತ ಸದ್ದಾಯಿತು. ಪೇದೆಯೊಬ್ಬರು ಕಾಗದ ನೋಡಿ, ತಂದೆಯ ಹೆಸರು ಸಮೇತ ಒಂದು ಉದ್ದನೆಯ ಹೆಸರು ಓದಿದರು.

"ಆ ಎಸ್ರಿನೋರು ನಮ್ಮೂರಲ್ಲಿ ಇಲ್ಲ ಸಾ" ಎಂದ ಪಕ್ಕದ ಹೊಲದವನು.

"ಇದ್ರು ಸಾ" ಎಂದರು ನನ್ನ ಸ್ವಂತ ಚಿಕ್ಕಪ್ಪ. "ಊರು ಬುಟ್ಟು ಬಾಳ ವರ್ಸ ಆಯ್ತು. ಅಂತಾ ಒಳ್ಳೆ ಮನ್ಸನೂ ಅಲ್ಲ ಬುಡಿ."

ಆ ಹೆಸರನ್ನು ಎಲ್ಲೋ ಕೇಳಿದ ಹಾಗಿದೆ ಎಂದು ನನಗೂ ಅನ್ನಿಸಿತು. ಊರಿನಲ್ಲಿ ನನ್ನನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ಅಲ್ಲದೆ ಕವಡೆ ನನ್ನ ಕೈಯಲ್ಲಿತ್ತು. ತಿರುಗಿಯೂ ನೋಡದೆ, "ಇಲ್ಲ ಸಾ, ಅಂತೋರ ಎಸ್ರೇ ನಾವು ಕೇಳಿಲ್ಲ" ಎಂದೆ.

ಪೇದೆ ಕಾಗದ ನೋಡಿ ಫೋನಿನಲ್ಲಿ ನಂಬರು ಒತ್ತಿದರು. ನನ್ನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಕಟ್ಟೆಯ ಮೇಲಿದ್ದವರೆಲ್ಲ ಅರಳಿ ಮರದ ಎಲೆ ನೋಡತೊಡಗಿದರು.

"ಎತ್ತಿ ಯಜಮಾನ್ರೇ" ಎಂದರು ಪೇದೆ. "ಅವರು ಸಿಕ್ಕಿದ್ರೆ ಹೇಳಿ, ಪೊಲೀಸಿನವರು ಹುಡುಕ್ಕೊಂಡು ಬಂದಿದ್ರು ಅಂತ."

ಪೇದೆಯವರು ದೊಡ್ಡ ಮನಸ್ಸು ಮಾಡಿ ಮನೆಗೆ ಬಂದು, ಒಳ್ಳೆಯ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಬರೆಯಬೇಕಾದದ್ದನ್ನು ಬರೆದುಕೊಂಡು ಹೋದರು. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿ ಹೋದರು ಎನ್ನುವುದೇ ಕಷ್ಟವಾದದ್ದು.

"ನನ್ನ ಕರ್ಕಂಡ್ ಓಗಕ್ಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಿ" ಎಂದಳು. "ಊರಲ್ಲೇ ಇಲ್ಲ ಅನ್ನೋದು ಯಾಕೆ?"

೩. ಬಟ್ಟೆಯ ಮೇಲೆ ಕಂಡ ದೇಶ

ನಮ್ಮಂಥ ಬೆಳೆಗಾರರ ತಂಡ ಕಟ್ಟಿ ಕರೆದುಕೊಂಡು ಹೋಗುವ ಏಜೆಂಟರೊಬ್ಬರು ಮೈಸೂರಿನಿಂದ ಬಂದರು. ಸಮುದಾಯ ಭವನದಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದರು. ಹೋಗುವವರು ನಾವು ಕೆಲವರೇ ಆದರೂ, ನೋಡಲು ಹುಣಸೂರು, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಗಂಡ ಹೆಂಡಿರು ಜೋಡಿಯಾಗಿ ಬಂದಿದ್ದರು.

"ಬ್ರೆಜಿಲ್ ಅಂದ್ರೆ ಒಂದು ದೇಶ ಅಲ್ಲ ಸಾರ್, ಹತ್ತು ದೇಶ ಸೇರಿ ಆಗಿರೋದು" ಎಂದರು ಏಜೆಂಟರು. "ಕಾಡಿನ ಮೂಲ ಜನ ಇದ್ದಾರೆ, ಆಫ್ರಿಕಾದಿಂದ ಬಂದವರಿದ್ದಾರೆ. ಜರ್ಮನಿ, ಇಟಲಿ, ಜಪಾನು, ಎಲ್ಲಾ ಕಡೆಯವರೂ ಅಲ್ಲೇ ನೆಲೆ ನಿಂತಿದ್ದಾರೆ. ಅಷ್ಟು ಥರದ ಜನ ನೀವು ಒಂದೇ ಕಡೆ ನೋಡಿರಲ್ಲ."

"ನಮ್ ಕೊಪ್ಪದ ಬಸ್‌ಸ್ಟ್ಯಾಂಡ್ ಇದ್ದಂಗೆ ಅನ್ನಿ" ಎಂದಳು ನನ್ನ ಹೆಂಡತಿ.

ಏಜೆಂಟರು ನನ್ನ ಮುಖ ನೋಡಿದರು. ಬೈಲಕುಪ್ಪೆಯ ಪಕ್ಕದ ಕೊಪ್ಪದಲ್ಲಿ ಒಂದೇ ಬೆಂಚಿನ ಮೇಲೆ ಟಿಬೆಟಿನ ಸನ್ಯಾಸಿ, ಕೊಡಗಿನ ಅಮ್ಮ, ಬಾಳೆಕಾಯಿ ಚಿಪ್ಸಿನ ಮಲಯಾಳಿ ಮತ್ತು ನಮ್ಮ ಕಡೆಯ ರೈತ ನಾಲ್ವರೂ ಕೂತು ಒಂದೇ ಬಸ್ಸಿಗೆ ಬೈಯುತ್ತಿರುತ್ತಾರೆ ಎಂದು ವಿವರಿಸಿದೆ.

"ಹೂಂ ಮೇಡಂ, ಹಾಗೇ. ಸ್ವಲ್ಪ ದೊಡ್ಡದು" ಎಂದರು ಅವರು.

"ಚಳಿ ಅದಾ? ಸ್ವೆಟರ್ ತಕಬೇಕಾ?"

"ನಾವು ಹೋಗೋದು ಜನವರೀಲಿ. ಅಲ್ಲಿ ಆಗ ಒಳ್ಳೆ ಬೇಸಿಗೆ ಮೇಡಂ."

ಅವಳು ನಿಟ್ಟುಸಿರು ಬಿಟ್ಟು, "ಅದ್ರ ಅಣೇಲಿ ಬರ್ದಿಲ್ಲ ಬುಡಿ" ಎಂದಳು.

ಆಮೇಲೆ ಏಜೆಂಟರು, ಯಾರಿಗಾದರೂ ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ಅಲ್ಲಿ ಕೂಲಿಯಾಳು ಸಿಗುತ್ತಾರಾ ಎಂದು ಒಬ್ಬರು ಕೇಳಿದರು. ಬೋರು ಎಷ್ಟು ಆಳಕ್ಕೆ ಕೊರೆಸುತ್ತಾರೆ ಎಂದು ಇನ್ನೊಬ್ಬರು. ಆನೆ ಬರುತ್ತದಾ ಎಂದು ಎಚ್.ಡಿ. ಕೋಟೆಯವರು ಕೇಳಿದರು. ಇಲ್ಲ ಎಂದಾಗ, ಆ ದೇಶದವರ ಪುಣ್ಯವೇ ಪುಣ್ಯ ಎಂದು ಕೈಮುಗಿದರು. ಏಜೆಂಟರಿಗೆ ಬೆವರು ಬಂತು. ಜನರಿಗೆ ಉತ್ಸಾಹ ಬರಲಿ ಎಂದು ಅವರು ಕೊನೆಗಿಟ್ಟಿದ್ದ ಚಿತ್ರವನ್ನು ಮೊದಲೇ ಹಾಕಿಬಿಟ್ಟರು.

ಕಡಲತೀರ. ಅಲ್ಲಿ ಮಲಗಿದ್ದ ಹೆಣ್ಣುಮಕ್ಕಳ ಮೈಮೇಲೆ ಬಟ್ಟೆ ಇತ್ತು ಎಂದರೆ ಇತ್ತು.

ಗಂಡಸರೆಲ್ಲ ಒಟ್ಟಿಗೆ ತಲೆ ಎತ್ತಿ ಭವನದ ಫ್ಯಾನುಗಳನ್ನು ಪರೀಕ್ಷಿಸತೊಡಗಿದೆವು. ನಾನು ನೋಡುತ್ತಿದ್ದ ಫ್ಯಾನು ತಿರುಗುತ್ತಲೂ ಇರಲಿಲ್ಲ. ಏಜೆಂಟರಿಗೆ ಮುಂದಿನ ಚಿತ್ರದ ಗುಂಡಿ ಸಿಗುತ್ತಿಲ್ಲ. ಆಗ ನನ್ನ ಹೆಂಡತಿ ಸಮಾಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಆ ಮರಳು ನೋಡ್ರೀ. ಮನೆ ಕಟ್ಟೋರಿಗೆ ಇಲ್ಲಿ ಒಂದ್ ಬಾಂಡ್ಲಿ ಸಿಕ್ಕಾಕಿಲ್ಲ. ಅಲ್ಲಿ ಎಂಗೆ ಬಿದ್ದದೆ."

ಹೆಂಗಸರೆಲ್ಲ ಹೌದು ಹೌದೆಂದರು. ಅಲ್ಲಿಂದ ಮುಂದೆ ಗಂಡಸರೆಲ್ಲರೂ ಬಹಳ ಹೊತ್ತು ಆ ಮರಳನ್ನು ನೋಡಿದೆವು.

೪. ಬಾಮೈದನ ದುಃಖ

ನಾವು ಇಲ್ಲದಾಗ ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ. ನನ್ನ ಹೆಂಡತಿಯ ತಮ್ಮ ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ ನಾಲೆ ನೀರಿನಲ್ಲಿ ಭತ್ತ ಬೆಳೆಯುವವನು. ಮಳೆ ನಂಬಿದ ನಮ್ಮನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಒಂದು ಕನಿಕರ. ಕೇಳೋಣವೆಂದು ಹೋದೆ. ಊಟಕ್ಕೆ ಕೂತಾಗ ವಿಷಯ ತೆಗೆದೆ.

"ಅಲ್ಲಿ ನೋಡಾಕೆ ಏನದೆ ಭಾವ?"

"ಭಾರಿ ದೊಡ್ಡ ನದಿ ಅದೆ ಕಣಪ್ಪ. ಈ ದಡದಲ್ಲಿ ನಿಂತ್ರೆ ಆ ದಡ ಕಾಣಾಕಿಲ್ವಂತೆ."

ಅವನು ನೆಟ್ಟಗೆ ಕೂತ. "ನಾಲೆ ಎಷ್ಟವೆ?"

"ನಾಲೆ ಇಲ್ವಂತೆ."

"ಅಡ್ಡ ಕಟ್ಟೆ?"

"ಆ ನದಿಗೆ ಅಡ್ಡ ಏನೂ ಕಟ್ಟಿಲ್ವಂತೆ."

"ಮತ್ತೆ ನೀರು?"

"ಸಮುದ್ರಕ್ಕೆ ಓಯ್ತದೆ."

ಅವನು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಅಷ್ಟೂವಾ?" ಎಂದು ಕೇಳಿದ. ಹೂಂ ಅಂದೆ. ಕೈ ತೊಳೆದು ಹೊರಗೆ ಹೋಗಿ, ಮನೆ ಮುಂದಿನ ಕಾಲುವೆ ನೋಡುತ್ತ ನಿಂತುಬಿಟ್ಟ. ನಾನು ಹಿಂದೆ ಹೋದೆ. ಮನೆ ನೋಡಿಕೊಳ್ಳುತ್ತೇನೆ ಎಂದು ಒಪ್ಪಿದ. ಆದರೆ ನಾನು ಹೊರಡುವಾಗ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ಆ ನದಿ ಕಡೆಗೆ ಮಾತ್ರ ನಮ್ಮಕ್ಕನ್ನ ಕರ್ಕಂಡ್ ಓಗ್ಬೇಡಿ ಭಾವ. ನೀರಾವರಿ ಊರಲ್ಲಿ ಉಟ್ಟಿದೋಳು. ತಡ್ಕಳಾಕಿಲ್ಲ."

೫. ತಾಯಿಗೆ ಹೊಸ ಅರ್ಜಿ

ಹರಾಜಿಗೆ ಮೊದಲ ಬೇಲ್ ಹೊರಡುವ ದಿನ ಊರ ತಾಯಿಯ ಗುಡಿಯಲ್ಲಿ ಪೂಜೆ. ಎಲ್ಲರ ಪರವಾಗಿ ಪೂಜಾರಪ್ಪನವರು ಗಟ್ಟಿಯಾಗಿ ಬೇಡಿಕೊಳ್ಳುತ್ತಾರೆ: "ಸೊಪ್ಪಿಗೆ ಬಣ್ಣ ಕೊಡವ್ವ, ಒಳ್ಳೆ ರೇಟು ಕೊಡವ್ವ, ಬ್ರೆಜಿಲ್ ಮ್ಯಾಲೆ ಆಲಿಕಲ್ಲು ಸುರಿಸವ್ವ." ಮೊದಲೆರಡು ಹಿಂದಿನಿಂದ ಬಂದದ್ದು. ಮೂರನೆಯದನ್ನು ಸೇರಿಸಿದವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ಊರಿನಲ್ಲಿ ಬಾಯಿ ಜಾರುವವನು ನಾನೊಬ್ಬನೇ.

ಈ ಸಲ ಪೂಜಾರಪ್ಪ ಎರಡು ಮುಗಿಸಿ ಮೂರನೆಯದಕ್ಕೆ ಬಾಯಿ ತೆರೆದಾಗ ಹೆಂಗಸರ ಸಾಲಿನಿಂದ ನನ್ನ ಹೆಂಡತಿ, "ವಸಿ ತಡೀರಿ ಪೂಜಾರಪ್ಪ" ಎಂದಳು. ಗಂಟೆ ನಿಂತಿತು.

"ಜನವರೀಲಿ ನಾವು ಅಲ್ಲೇ ಇರ್ತೀವಿ. ಆಗ ಬಿದ್ರೆ ನಮ್ ತಲೆ ಮೇಲೇ ಬೀಳ್ತದೆ."

ಪೂಜಾರಪ್ಪ ಮಂಗಳಾರತಿಯ ತಟ್ಟೆ ಹಿಡಿದುಕೊಂಡೇ ಯೋಚಿಸಿದರು. "ಅಂಗಾರೆ ಈ ವರ್ಸ ಆಲಿಕಲ್ಲು ಬ್ಯಾಡ ಅನ್ನವಾ?"

"ಬ್ಯಾಡ ಅಂದ್ರೆ ಎಂಗೆ?" ಎಂದ ಪಕ್ಕದ ಹೊಲದವನು. "ಇವ್ರಿಬ್ರು ಪ್ರವಾಸಕ್ಕೆ ಓಯ್ತರೆ ಅಂತ ಊರೆಲ್ಲಾ ರೇಟು ಕಳ್ಕಳದಾ?"

"ಇವ್ರು ವಾಪಸ್ ಬಂದ್ ಮ್ಯಾಲೆ ಬೀಳ್ಲಿ ಅಂತ ಕೇಳವಾ?" ಎಂದರು ಚಿಕ್ಕಪ್ಪ.

"ಅಷ್ಟೊತ್ಗೆ ಬ್ರೆಜಿಲ್‌ನೋರು ಸೊಪ್ಪೆಲ್ಲಾ ಮುರ್ಕಂಡಿರ್ತರೆ. ಆಲಿಕಲ್ಲು ಬಿದ್ದು ಏನ್ ಬಂತು?"

ಹೀಗೆ ತಾಯಿಯ ಮುಂದೆಯೇ ಪಂಚಾಯ್ತಿ ನಡೆಯಿತು. ಕರ್ಪೂರ ಎರಡು ಸಲ ಆರಿತು. ಆಲಿಕಲ್ಲು ಬಿದ್ದರೂ ಕಷ್ಟ, ಬೀಳದಿದ್ದರೂ ಕಷ್ಟ ಎಂಬ ಸ್ಥಿತಿಯಲ್ಲಿದ್ದವನು ನಾನೊಬ್ಬನೇ. ಕೊನೆಗೆ ಎಲ್ಲರೂ ಒಪ್ಪುವ ಹಾಗೆ ಪೂಜಾರಪ್ಪನವರೇ ದಾರಿ ಕಂಡುಹಿಡಿದರು. ನನ್ನನ್ನು ಮುಂದೆ ಕರೆದು, "ಇಳ್ಕಳೋ ಹೋಟ್ಲು ಯಾವ ಕಡೆ ಬತ್ತದೆ?" ಎಂದು ಕೇಳಿದರು. ಹೋಟೆಲಲ್ಲ, ಒಬ್ಬ ರೈತರ ಮನೆಯಲ್ಲಿ ಇಳಿದುಕೊಳ್ಳುವುದು ಎಂದೆ.

ಅವರು ತಾಯಿಯ ಕಡೆ ತಿರುಗಿ ಹೇಳಿದರು: "ಹೊಲದ ಮ್ಯಾಲೆ ಸುರಿಸವ್ವ. ಮನೆ ಮ್ಯಾಲೆ ಬ್ಯಾಡ. ನಮ್ಮೋರು ಒಳಗವ್ರೆ."

೬. ಎಲ್ಲಾ ಓಯ್ತು

ಹೊರಡುವುದಕ್ಕೆ ಕೆಲವು ದಿನ ಮುಂಚೆ ಏಜೆಂಟರು ಮತ್ತೆ ಬಂದರು. ನಾವು ಇಳಿದುಕೊಳ್ಳಬೇಕಾದ ರೈತರೊಂದಿಗೆ ವಿಡಿಯೊದಲ್ಲಿ ಮಾತಾಡಿಸುತ್ತೇನೆ ಎಂದರು. ಅವರ ಭಾಷೆ ಪೋರ್ಚುಗೀಸ್. ಅದಕ್ಕೆಂದು ಮೈಸೂರಿನಲ್ಲಿ ನೆಲೆಸಿರುವ ಗೋವಾದ ನಿವೃತ್ತ ಮೇಷ್ಟರೊಬ್ಬರನ್ನು ಕರೆತಂದಿದ್ದರು. ಸಂಜೆ ನಮ್ಮ ಜಗಲಿಗೆ ಟಿವಿ ತಂದಿಟ್ಟು ನನ್ನ ಫೋನನ್ನು ಅದಕ್ಕೆ ಹೊಂದಿಸಿದರು. ಅವರಿಗದು ಬೆಳಗು. ಅಂಗಳದಲ್ಲಿ ಊರೇ ನೆರೆದಿತ್ತು.

ನನ್ನ ಮನಸ್ಸು ಮಾತ್ರ ನೆಟ್ಟಗಿರಲಿಲ್ಲ. ಆ ವರ್ಷ ನನ್ನ ಸೊಪ್ಪು ಎಂದೂ ಬಾರದಷ್ಟು ಚೆನ್ನಾಗಿ ಬಂದಿತ್ತು. ಬೇಲ್‌ಗಳು ನಡುಮನೆಯಲ್ಲಿ ಜಂತೆ ಮುಟ್ಟಿದ್ದವು. ಊರಿಗೆಲ್ಲ ಪದ್ಧತಿಯಂತೆ "ಎಲ್ಲಾ ಓಯ್ತು" ಎಂದೇ ಹೇಳಿದ್ದೆ. ಜನವರಿಯಲ್ಲಿ ಹರಾಜು ನಡೆಯುತ್ತಲೇ ಇರುತ್ತದೆ. ಅಷ್ಟನ್ನೂ ಬಿಟ್ಟು ಹೋಗುವುದು ಹೇಗೆ? ಗುಂಡ್ಲುಪೇಟೆಯ ಹೋಟೆಲಿನಲ್ಲಿ ಎದ್ದುನಿಂತ ಮನುಷ್ಯ ನನ್ನೊಳಗೆ ಮತ್ತೆ ಎದ್ದು ನಿಂತಿದ್ದ. ಹೆಂಡತಿ ಅದನ್ನು ಅವತ್ತು ಬೆಳಗ್ಗೆಯೇ ನನ್ನ ಮುಖದಲ್ಲಿ ಓದಿದ್ದಳು. ಆದರೂ ಹೊಸ ಸೀರೆ ಉಟ್ಟು ಬಂದು ಕೂತಿದ್ದಳು.

ಟಿವಿಯಲ್ಲಿ ಒಬ್ಬ ಕೆಂಪು ಮುಖದ, ಹುಲ್ಲು ಟೋಪಿಯ ಮನುಷ್ಯ ಕಾಣಿಸಿಕೊಂಡ. ಪಕ್ಕದಲ್ಲಿ ಅವನ ಹೆಂಡತಿ. ನಮಸ್ಕಾರ ಆಯಿತು. ಅಂಗಳದಿಂದ ನನಗೆ ತಿವಿತ ಶುರುವಾಯಿತು. "ಬೆಳೆ ಕೇಳ್ಲಾ, ಬೆಳೆ ಕೇಳು."

ನಾನು ಕೇಳಿದೆ. ಮೇಷ್ಟರು ಅವರ ಭಾಷೆಗೆ ತಿರುಗಿಸಿದರು. ಆ ಮನುಷ್ಯ ಟೋಪಿ ತೆಗೆದು, ಆಕಾಶ ನೋಡಿ, ತಲೆ ಅಲ್ಲಾಡಿಸುತ್ತ ದೀರ್ಘವಾಗಿ ಏನೋ ಹೇಳಿದ.

"ಎಲ್ಲಾ ಹೋಯಿತಂತೆ" ಎಂದರು ಮೇಷ್ಟರು. "ಮಳೆ, ರೋಗ. ಈ ವರ್ಷ ಮುಗಿದ ಹಾಗೇ ಅಂತೆ."

ಅಂಗಳದವರೆಲ್ಲ ಒಂದೇ ಸ್ವರದಲ್ಲಿ "ಅಯ್ಯೋ ಪಾಪ" ಎಂದರು. ಇಷ್ಟು ಸಂತೋಷದ ಅಯ್ಯೋ ಪಾಪವನ್ನು ನಾನು ಕೇಳಿರಲಿಲ್ಲ. ಪೂಜಾರಪ್ಪನವರು ಗುಡಿಯ ದಿಕ್ಕಿಗೆ ಕೈಮುಗಿದರು. ಈಗ ಅವನು ನಮ್ಮ ಬೆಳೆ ಕೇಳಿದ. ನಾನು ಟವಲಿನಿಂದ ಮುಖ ಒರೆಸಿಕೊಂಡು, ನಮ್ಮದೂ ಎಲ್ಲಾ ಓಯ್ತು, ಒಂದು ಬೇಲ್ ಕಟ್ಟುವಷ್ಟೂ ಇಲ್ಲ ಎಂದೆ. ಅವನೂ ಅವನ ಹೆಂಡತಿಯೂ ಎದೆಯ ಮೇಲೆ ಕೈಯಿಟ್ಟು ಮರುಗಿದರು.

ಇಲ್ಲಿ ನನ್ನ ಬಾಯಿ ಜಾರಿತು. ಹೆಂಡತಿಯ ಕಡೆ ತಿರುಗಿ, "ಕೇಳ್ದಲ್ಲ? ಅಲ್ಲಿ ಏನೂ ಇಲ್ವಂತೆ. ಇನ್ನ ಅಷ್ಟು ದೂರ ಓಗಿ ನೋಡದೇನು? ಮುಂದಿನ ಸಲ..." ಎಂದೆ.

ಅವಳು ಆಗಲಿ ಬುಡಿ ಎನ್ನಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡಳು. "ಆಯಮ್ಮಂಗಾದ್ರೂ ನಮ್ಮನೆ ತೋರಿಸ್ತೀನಿ. ನಾನಂತೂ ಅವ್ರ ಮನೆ ನೋಡಾಕಿಲ್ವಲ್ಲ" ಎಂದು ಮೇಷ್ಟರಿಗೆ ಹೇಳಿ ಒಳಗೆ ನಡೆದಳು.

ನಮ್ಮ ಅಡುಗೆಮನೆಗೆ ಹೋಗಬೇಕಾದರೆ ನಡುಮನೆ ದಾಟಬೇಕು. ನಾನು "ಏ, ಏ" ಎನ್ನುವಷ್ಟರಲ್ಲಿ ಟಿವಿಯ ಮೂಲೆಯ ಪುಟ್ಟ ಚೌಕದಲ್ಲಿ ಊರಿಗೆಲ್ಲ ಕಾಣುವಂತೆ ನನ್ನ ಬೇಲ್‌ಗಳು ಬಂದವು. ಎಡಕ್ಕೆ ಬೇಲ್, ಬಲಕ್ಕೆ ಬೇಲ್. ನಡುವಿನ ಸಂದಿಯಲ್ಲಿ ಅವಳು ಅಡ್ಡಡ್ಡವಾಗಿ ತೂರಿಕೊಂಡು ಹೋದಳು.

"ಎಲ್ಲಾ ಓಯ್ತು ಅಂದಿದ್ದಲ್ಲೋ" ಎಂದ ಪಕ್ಕದ ಹೊಲದವನು.

ನಾನು ಉತ್ತರಿಸುವ ಮೊದಲೇ ಟಿವಿಯ ದೊಡ್ಡ ಚಿತ್ರವೂ ಅಲ್ಲಾಡತೊಡಗಿತು. ತಾನೂ ತನ್ನ ಅಡುಗೆಮನೆ ತೋರಿಸಬೇಕೆಂದು ಆ ಹೆಂಗಸು ಫೋನು ಹಿಡಿದು ಹೊರಟಿದ್ದಳು. ಗಂಡ ಹಿಂದಿನಿಂದ ಏನೋ ಕೂಗಿಕೊಂಡು ಓಡಿಬರುತ್ತಿದ್ದ. ಅವರ ಮನೆಯಲ್ಲೂ ಅಡುಗೆಮನೆಗೆ ಹೋಗುವ ದಾರಿ ಬ್ಯಾರನ್ ಪಕ್ಕದ ಕೊಟ್ಟಿಗೆಯ ಮೂಲಕವೇ. ಕೊಟ್ಟಿಗೆಯ ತುಂಬ ಹೊಗೆಸೊಪ್ಪು. ನೆಲದಿಂದ ಸೂರಿನವರೆಗೆ, ಬಂಗಾರದ ಬಣ್ಣದ್ದು.

ಹೆಂಗಸರಿಬ್ಬರೂ ಒಬ್ಬರಿಗೊಬ್ಬರು ಒಲೆ ತೋರಿಸಿ, ಪಾತ್ರೆ ತೋರಿಸಿ, ತೃಪ್ತಿಯಾಗಿ ಹೊರಗೆ ಬಂದು, ಫೋನುಗಳನ್ನು ಗಂಡಂದಿರ ಕೈಗೆ ಕೊಟ್ಟರು. ನಾನೂ ಅವನೂ ಎದುರುಬದುರು ಕೂತೆವು. ಅವನು ಟೋಪಿ ಸರಿಮಾಡಿಕೊಂಡ. ನಾನು ಟವಲು ಸರಿಮಾಡಿಕೊಂಡೆ. ಮೊದಲು ನಕ್ಕವನು ಅವನೇ.

"ಅವರು ಹೇಳುತ್ತಿದ್ದಾರೆ," ಎಂದರು ಮೇಷ್ಟರು, "ಅಲ್ಲಿ ಕೊಳ್ಳುವವರು ಪ್ರತಿ ವರ್ಷ ಮೈಸೂರಿನಲ್ಲಿ ಬೆಳೆ ಚೆನ್ನಾಗಿದೆ ಎಂದು ಹೇಳಿಯೇ ರೇಟು ಇಳಿಸುತ್ತಾರಂತೆ. ಅದಕ್ಕೆ ಇವರೂರಿನವರು ಚರ್ಚಿನಲ್ಲಿ ಮೈಸೂರಿಗೆ ಜೋರು ಮಳೆ ಬರಲಿ ಎಂದು ಮೇಣದಬತ್ತಿ ಹಚ್ಚುತ್ತಾರಂತೆ."

ಯಾರಿಗಾದರೂ ಸಿಟ್ಟು ಬರುತ್ತದೆ ಎಂದುಕೊಂಡೆ. ಚಿಕ್ಕಪ್ಪನವರ ಮುಖ ಅರಳಿತು. "ನಮ್ ಮೈಸೂರಿನ ಎಸ್ರು ಅಲ್ಲಿನ ದೇವ್ರಿಗೂ ಗೊತ್ತಾ" ಎಂದರು. ಪೂಜಾರಪ್ಪನವರು ಮಾತ್ರ ಗಂಭೀರವಾಗಿದ್ದರು. "ಹಿಂದಿನ ವರ್ಸ ಸೊಪ್ಪು ಕೊಳೆಸಿದ ಮಳೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು" ಎಂದರು.

"ಅಂಗಾರೆ ನಾ ಓಗ್ಲೇಬೇಕು" ಎಂದಳು ನನ್ನ ಹೆಂಡತಿ. "ಆ ಮೇಣದಬತ್ತಿ ಆರ್ಸಿ ಬತ್ತೀನಿ."

ಅಂಗಳದವರೆಲ್ಲ ಅವಳ ಕಡೆಯಾದರು. ನನ್ನ ಸರದಿ ಬಂದ ದಿನ ಬೇಲ್‌ಗಳನ್ನು ಬಾಮೈದನ ಜೊತೆ ನಿಂತು ತಾನೇ ಹರಾಜಿಗೆ ಹಾಕಿಸುತ್ತೇನೆ ಎಂದ ಪಕ್ಕದ ಹೊಲದವನು. ಚಿಕ್ಕಪ್ಪನವರು ನನಗೆ, "ಇದು ಊರಿನ ಕೆಲ್ಸ ಕಣ್ಲಾ. ಅವಳ ಜೊತೇಲಿ ನೀನೂ ಓಗಿ ಬಾ" ಎಂದರು. ನನಗೂ ಆಗ ನಿಜವಾಗಿಯೇ ಹೋಗಬೇಕು ಅನ್ನಿಸಿತು. ಅವಳ ಮುಖ ನೋಡಿ ಬಹಳ ಸಂತೋಷವೂ ಆಯಿತು. ಸಂತೋಷವಾದಾಗ ನನ್ನ ಬಾಯಿಗೆ ಹಿಡಿತವೇ ಇರುವುದಿಲ್ಲ.

"ಮೇಷ್ಟ್ರೇ, ಅವ್ರಿಗೂ ಬರಾಕ್ ಹೇಳಿ" ಎಂದೆ. "ಮುಂದಿನ ವರ್ಸ ಅವ್ರಿಬ್ರೂ ಇಲ್ಲಿಗ್ ಬರ್ಲಿ. ನಾನೇ ಖುದ್ದಾಗಿ ಊಟಿಗೆ ಕರ್ಕಂಡ್ ಓಯ್ತೀನಿ."

ಮೇಷ್ಟರು ತಿರುಗಿಸಿ ಹೇಳಿದರು. ಆ ಹೆಂಗಸು ಅಲ್ಲಿ ಚಳಿ ಇದೆಯಾ, ಏನು ಬಟ್ಟೆ ತರಬೇಕು ಎಂದು ಕೇಳಿದಳು.

ನನ್ನ ಹೆಂಡತಿ ಮುಂದೆ ಬಾಗಿ ಹೇಳಿದಳು: "ಸ್ವೆಟರ್ ತರದ್ ಬ್ಯಾಡ ಅನ್ನಿ ಮೇಷ್ಟ್ರೇ. ಗುಂಡ್ಲುಪೇಟೇಲಿ ಸೆಕೆ."

ಅಂಗಳದಲ್ಲಿ ಬಿದ್ದು ಬಿದ್ದು ನಕ್ಕರು. ಅದೇನೆಂದು ಆ ಹೆಂಗಸು ಕೇಳಿದಳು. ಮೇಷ್ಟರು ಅಂಗಳದವರಿಂದ ಕೇಳಿಕೊಂಡು ಇಡ್ಲಿಯಿಂದ ಹಿಡಿದು ಮೈಸೂರು ಬಸ್ಸಿನವರೆಗೆ ಎಲ್ಲ ವಿವರಿಸಿದರು. ಆಕೆ ಕೇಳುತ್ತ ಕೇಳುತ್ತ ಗಂಡನ ಕಡೆ ನಿಧಾನವಾಗಿ ತಿರುಗಿದಳು. ಅವನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಅವಳು ಏನೋ ಒಂದು ಮಾತು ಹೇಳಿದಳು.

"ಏನಂತೆ?" ಎಂದಳು ನನ್ನ ಹೆಂಡತಿ.

ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರ ಕಡೆಯೂ ಒಂದು ಗುಂಡ್ಲುಪೇಟೆ ಇದೆಯಂತಮ್ಮ" ಎಂದರು. "ನೀವು ಬಂದಾಗ ಇಬ್ಬರೂ ಸೇರಿ ಅದನ್ನು ದಾಟೋಣ ಅಂತಿದ್ದಾರೆ. ಗಂಡಸರು ಬೇಕಿದ್ದರೆ ಅಲ್ಲೇ ಇಳಿದುಕೊಳ್ಳಲಿ ಅಂತೆ."